ಬರೆದ ಹಕ್ಕು, ಬರೆಯದ ಹಕ್ಕು: ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬದುಕು ಮತ್ತು ಆಸ್ತಿ

1. ಪ್ರವೇಶ

ಮೈಸೂರು ನಗರದ ನೈಋತ್ಯ ಭಾಗದಲ್ಲಿರುವ ದಟ್ಟಗಳ್ಳಿಯನ್ನು ಇಂದು ನೋಡುವವರಿಗೆ ಅದೊಂದು ಬಡಾವಣೆ. ಅಗಲವಾದ ರಸ್ತೆಗಳು, ಸಾಲುಮನೆಗಳು, ಹಂತಗಳ ಸಂಖ್ಯೆಯಿಂದ ಗುರುತಿಸಲಾಗುವ ವಿಸ್ತರಣೆಗಳು ಅಲ್ಲಿವೆ. ಆದರೆ ಅಲ್ಲಿನ ನಿವೇಶನಗಳ ಮೂಲಪತ್ರಗಳನ್ನು ತೆರೆದರೆ ಬೇರೊಂದು ಭೂಗೋಳ ಕಾಣಿಸುತ್ತದೆ. ಕಸಬಾ ಹೋಬಳಿ, ಗ್ರಾಮದ ಹೆಸರು, ಸರ್ವೆ ನಂಬರು, ಎಕರೆ ಮತ್ತು ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಇವು ಆ ಪತ್ರಗಳ ಭಾಷೆ. ಹಳ್ಳಿ ನೆಲದ ಮೇಲಿನಿಂದ ಮರೆಯಾದರೂ ಕಾಗದದಲ್ಲಿ ಉಳಿದಿದೆ. ಪಡುವಾರಹಳ್ಳಿ, ಕುಕ್ಕರಹಳ್ಳಿ, ಒಂಟಿಕೊಪ್ಪಲು, ಕನ್ನೇಗೌಡನ ಕೊಪ್ಪಲು ಮುಂತಾದ ಹೆಸರುಗಳೂ ಇದೇ ಬಗೆಯವು. ನಗರವು ಹಳ್ಳಿಗಳನ್ನು ಒಳಗೊಂಡು ಬೆಳೆದುದಕ್ಕೆ ಇವು ಸಾಕ್ಷಿಗಳು.

ಕಾಗದದಲ್ಲಿ ಉಳಿದಿರುವುದು ಹಳ್ಳಿಯ ಆಸ್ತಿಯ ಒಂದು ಭಾಗ ಮಾತ್ರ ಎಂಬುದು ಪ್ರಸ್ತುತ ಪ್ರಬಂಧದ ಮುಖ್ಯ ಪ್ರತಿಪಾದನೆ. ಹಳ್ಳಿಯ ಬದುಕು ಎರಡು ಬಗೆಯ ಹಕ್ಕುಗಳ ಮೇಲೆ ನಿಂತಿತ್ತು. ಖಾತೆ, ಪಹಣಿ, ಆಕಾರಬಂದ್‌ಗಳಲ್ಲಿ ದಾಖಲಾದ ಹಕ್ಕು ಒಂದು. ಕಣದಲ್ಲಿ ಸಿಗುವ ಧಾನ್ಯದ ಪಾಲು, ಗೋಮಾಳದ ಮೇವು, ಕೆರೆಯ ಗೋಡು, ತೋಪಿನ ಸೌದೆ, ಹೊಲದ ಬದುವಿನ ದಾರಿ ಇವುಗಳಂತೆ ರೂಢಿಯಿಂದ ಬಂದ, ಯಾರ ಹೆಸರಿಗೂ ಬರೆಯಲಾಗದ ಹಕ್ಕು ಇನ್ನೊಂದು. ಕಳೆದ ಒಂದೂವರೆ ಶತಮಾನದಲ್ಲಿ ಮೊದಲನೆಯದು ಕ್ರಮೇಣ ಗಟ್ಟಿಯಾಯಿತು, ಎರಡನೆಯದು ಕರಗಿತು. ಈ ಪ್ರಕ್ರಿಯೆಯನ್ನು ಮೈಸೂರು ಸೀಮೆಯ ಹಳ್ಳಿಗಳ ಆಧಾರದಿಂದ, ದಟ್ಟಗಳ್ಳಿಯಂತಹ ನಗರದಂಚಿನ ಹಳ್ಳಿಗಳನ್ನು ದೃಷ್ಟಿಯಲ್ಲಿಟ್ಟುಕೊಂಡು, ಇಲ್ಲಿ ಪರಿಶೀಲಿಸಲಾಗಿದೆ.

2. ಶಾಸನಗಳಲ್ಲಿ ಭೂಮಿ

ಮೈಸೂರು ಸೀಮೆಯ ಭೂಸ್ವಾಮ್ಯದ ಚರಿತ್ರೆಗೆ ಶಾಸನಗಳು ಮೊದಲ ಆಕರಗಳು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿಯೂ ನಾಲ್ಕನೆಯದನ್ನು 1898ರಲ್ಲಿಯೂ ಮೈಸೂರು ಜಿಲ್ಲೆಗೆ ಮೀಸಲಿಟ್ಟು ಪ್ರಕಟಿಸಿದ ಮೇಲೆ ಈ ಪ್ರದೇಶದ ದಾನಶಾಸನಗಳು ಸಂಶೋಧಕರ ಕೈಗೆ ದೊರೆತವು. ಗಂಗರ ಕಾಲದಿಂದ ಒಡೆಯರ ಕಾಲದವರೆಗಿನ ಈ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಕ್ರಮವೇ ಗಮನಾರ್ಹವಾದುದು. ಇಷ್ಟು ಖಂಡುಗ, ಇಷ್ಟು ಕೊಳಗ ಬಿತ್ತುವ ಗದ್ದೆ ಅಥವಾ ಬೆದ್ದಲು ಎಂದು ಬೀಜದ ಪ್ರಮಾಣದಿಂದ ನೆಲವನ್ನು ಹೇಳುವುದು ಇಲ್ಲಿ ಸಾಮಾನ್ಯ. ಅಂದರೆ ನೆಲದ ಅಳತೆ ಅದರ ವಿಸ್ತಾರವನ್ನಷ್ಟೇ ಅಲ್ಲದೆ ಅದರ ಗುಣವನ್ನೂ ಉಳುವವನ ಶ್ರಮವನ್ನೂ ಒಳಗೊಂಡಿತ್ತು.

ದಾನದ ಬಗೆಗಳೂ ಹಲವು. ಕೆರೆ ಕಟ್ಟಿಸಿದವನಿಗೆ ಬಿತ್ತುವಟ್ಟ ಅಥವಾ ಕಟ್ಟುಗೊಡಗೆ, ಊರಿಗಾಗಿ ಹೋರಾಡಿ ಸತ್ತವನ ಮನೆಗೆ ನೆತ್ತರುಗೊಡಗೆ, ದೇವಾಲಯಕ್ಕೆ ದೇವದಾಯ, ವಿದ್ವಾಂಸರಿಗೆ ಬ್ರಹ್ಮದೇಯ ಅಥವಾ ಅಗ್ರಹಾರ. ದಾನ ಪಡೆದವನಿಗೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳು ಸಲ್ಲುತ್ತವೆ ಎಂದು ಶಾಸನಗಳು ಹೇಳುತ್ತವೆ. ಒಂದೇ ನೆಲದ ಮೇಲೆ ಒಂದಕ್ಕಿಂತ ಹೆಚ್ಚು ಬಗೆಯ ಭೋಗಗಳಿವೆ, ಅವುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು ಎಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ. ಭೂಮಿ ಒಬ್ಬನದೇ ಆದ ಅಖಂಡ ವಸ್ತು ಎಂಬ ಭಾವನೆ ನಮ್ಮಲ್ಲಿ ತಡವಾಗಿ ಬಂದುದು. ಶಾಸನಗಳ ಕಾಲದ ಆಸ್ತಿಯು ಹಕ್ಕುಗಳ ಕಂತೆಯಾಗಿತ್ತು.

ಆದರೆ ಈ ಶಾಸನಗಳ ಮಿತಿಯನ್ನೂ ಗುರುತಿಸಬೇಕು. ಅವು ಕೊಟ್ಟವರನ್ನೂ ಪಡೆದವರನ್ನೂ ಹೆಸರಿಸುತ್ತವೆ. ಆ ನೆಲವನ್ನು ಉತ್ತವರ, ಕಳೆ ಕಿತ್ತವರ ಹೆಸರು ಅಲ್ಲಿ ಅಪರೂಪ. ಬರೆದ ಹಕ್ಕು ಮತ್ತು ಬರೆಯದ ಹಕ್ಕುಗಳ ನಡುವಿನ ಅಂತರ ಬ್ರಿಟಿಷರ ಕಾಲದಲ್ಲಿ ಹುಟ್ಟಿದುದಲ್ಲ. ಕಲ್ಲಿನ ಮೇಲೆ ಬರೆಯುವ ಕಾಲದಲ್ಲಿಯೇ ಅದು ಇತ್ತು.

3. ಕಣದ ರಾಶಿ

ಹಳ್ಳಿಯ ಬರೆಯದ ಹಕ್ಕುಗಳು ಕಣ್ಣಿಗೆ ಕಾಣುತ್ತಿದ್ದ ಸ್ಥಳ ಕಣ. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ವೃತ್ತಾಂತದಲ್ಲಿ ಶ್ರೀರಂಗಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಧಾನ್ಯದ ರಾಶಿಯನ್ನು ಹಂಚುತ್ತಿದ್ದ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. ರಾಶಿಯನ್ನು ಸರ್ಕಾರಕ್ಕೂ ರೈತನಿಗೂ ಪಾಲು ಮಾಡುವ ಮೊದಲೇ ದೇವರು, ಭಿಕ್ಷುಕರು, ಗೌಡ, ಶಾನುಭೋಗ, ಕಾವಲುಗಾರ, ಕಮ್ಮಾರ, ಅಗಸ, ಕ್ಷೌರಿಕ ಮುಂತಾದವರಿಗೆ ಸಲ್ಲಬೇಕಾದ ಅಳತೆಗಳನ್ನು ತೆಗೆದಿಡಲಾಗುತ್ತಿತ್ತು. ಇದನ್ನು ದಾನವೆಂದು ತಿಳಿಯುವುದು ತಪ್ಪಾದೀತು. ಅದು ಸೇವೆಗೆ ಸಲ್ಲುವ ಪಾಲು, ವಂಶಪಾರಂಪರ್ಯವಾಗಿ ಬರುವ ಹಕ್ಕು.

ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ಮೈಸೂರಿನ ಚರಿತ್ರೆಯ ಮೊದಲ ಸಂಪುಟದಲ್ಲಿ ಹಳ್ಳಿಯ ಹನ್ನೆರಡು ಆಯಗಾರರನ್ನು ಹೆಸರಿಸಿ, ಹಳ್ಳಿಯನ್ನು ಪುಟ್ಟ ಗಣರಾಜ್ಯಕ್ಕೆ ಹೋಲಿಸಿದ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ ಇವರು ಆ ಹನ್ನೆರಡು ಮಂದಿ. ಪ್ರದೇಶದಿಂದ ಪ್ರದೇಶಕ್ಕೆ ಪಟ್ಟಿ ಅಲ್ಪಸ್ವಲ್ಪ ಬದಲಾಗುತ್ತಿತ್ತು. ಇವರಲ್ಲಿ ಕೆಲವರಿಗೆ ಧಾನ್ಯದ ಪಾಲಿನ ಜೊತೆಗೆ ಇನಾಮು ಭೂಮಿಯೂ ಇತ್ತು. ನೀರಗಂಟಿ ಕೆರೆಯ ತೂಬನ್ನು ಕಾಯುತ್ತಿದ್ದ. ತೋಟಿ ಗಡಿಕಲ್ಲುಗಳನ್ನು ಬಲ್ಲವನಾಗಿದ್ದ. ಗಡಿ ವ್ಯಾಜ್ಯ ಬಂದಾಗ ಶಾನುಭೋಗನ ಕಡತದಷ್ಟೇ ತೋಟಿಯ ನೆನಪೂ ಸಾಕ್ಷ್ಯವಾಗುತ್ತಿತ್ತು.

ಗಣರಾಜ್ಯವೆಂಬ ಮಾತನ್ನು ಮಾತ್ರ ಎಚ್ಚರಿಕೆಯಿಂದ ಬಳಸಬೇಕಾಗಿದೆ. ಕಣದಲ್ಲಿ ಎಲ್ಲರಿಗೂ ಪಾಲಿತ್ತು, ಆದರೆ ಸಮಪಾಲು ಇರಲಿಲ್ಲ. ಯಾರು ಮೊದಲು ಅಳೆಸಿಕೊಳ್ಳಬೇಕು, ಯಾರು ದೂರ ನಿಂತು ಕಾಯಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ತೋಟಿಯ ಕೆಲಸ ಮಾಡುತ್ತಿದ್ದ ಅಸ್ಪೃಶ್ಯ ಕುಟುಂಬಗಳು ಊರಿನ ಗಡಿಯನ್ನು ಕಾಯುತ್ತಿದ್ದವು. ಅವರ ಮನೆಗಳು ಮಾತ್ರ ಊರಿನಿಂದ ಆಚೆಗಿದ್ದವು. ಬರೆಯದ ಹಕ್ಕು ಅನ್ನ ಕೊಟ್ಟಿತು, ಮಾನವನ್ನು ಕೊಡಲಿಲ್ಲ.

ಆ ಅನ್ನವೂ ಖಚಿತವಾಗಿರಲಿಲ್ಲ. 1876–78ರ ಮಹಾಕ್ಷಾಮದಲ್ಲಿ ಇದು ಭೀಕರವಾಗಿ ಪ್ರಕಟವಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿಯಿತು. ಕಣದಲ್ಲಿ ರಾಶಿಯೇ ಇಲ್ಲದಿದ್ದಾಗ ರಾಶಿಯ ಪಾಲಿಗೆ ಅರ್ಥವಿರಲಿಲ್ಲ. ಹಗೇವಿನಲ್ಲಿ ಹಿಂದಿನ ವರ್ಷಗಳ ರಾಗಿಯನ್ನು ತುಂಬಿಟ್ಟುಕೊಂಡಿದ್ದ ಮನೆಗೂ ಹಗೇವೇ ಇಲ್ಲದ ಮನೆಗೂ ಇದ್ದ ಅಂತರವು ಅಂತಹ ವರ್ಷಗಳಲ್ಲಿ ಸಾವು ಬದುಕಿನ ಅಂತರವಾಗಿತ್ತು.

4. ಮೋಜಣಿಯ ಸರಪಳಿ

ಹೀಗೆ ಹಲವರ ಪಾಲುಗಳಿಂದ ಹೆಣೆದುಕೊಂಡಿದ್ದ ಆಸ್ತಿಯು ಒಬ್ಬ ಖಾತೆದಾರನ ಆಸ್ತಿಯಾಗಿ ಮಾರ್ಪಟ್ಟುದು ಭೂಮಾಪನದಿಂದ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನ ಸರ್ವೇಕ್ಷಣೆಯನ್ನು ವಹಿಸಿಕೊಂಡ ಕಾಲಿನ್ ಮೆಕೆಂಜಿಯ ಹೆಸರು ಕೈಫಿಯತ್ತುಗಳ ಮೂಲಕ ಕನ್ನಡ ಸಂಶೋಧಕರಿಗೆ ಚಿರಪರಿಚಿತ. ಆತನ ಜೀವನದ ಇನ್ನೊಂದು ಅಧ್ಯಾಯ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1811ರಲ್ಲಿ ಬ್ರಿಟಿಷ್ ಸೇನೆಯೊಂದಿಗೆ ಜಾವಾ ದ್ವೀಪಕ್ಕೆ ಹೋದ ಮೆಕೆಂಜಿ 1813ರವರೆಗೆ ಅಲ್ಲಿದ್ದು, ರಾಫಲ್ಸನ ಆಡಳಿತದಲ್ಲಿ ಅಲ್ಲಿಯ ಭೂಹಿಡುವಳಿ ಪದ್ಧತಿಗಳ ವಿಚಾರಣೆಯ ನೇತೃತ್ವ ವಹಿಸಿದ್ದ. ಮೈಸೂರಿನ ಹಳ್ಳಿಗಳನ್ನು ಅಳೆದು ಅರಿತ ಅನುಭವ ಹೀಗೆ ಸಮುದ್ರ ದಾಟಿ ಇನ್ನೊಂದು ರೈತಾಪಿ ಸಮಾಜವನ್ನು ಅರಿಯುವುದಕ್ಕೆ ಬಳಕೆಯಾಯಿತು.

ಜಾವಾದ ಹಳ್ಳಿಯ ರಚನೆಯು ನಮ್ಮ ಹಳ್ಳಿಯನ್ನು ನೆನಪಿಸುವಂತಿರುವುದು ಕುತೂಹಲಕರ. ಅಲ್ಲಿ ಗ್ರಾಮದ ಅಧಿಕಾರಿಗಳಿಗೆ ಸಂಬಳದ ಬದಲಾಗಿ ಬಿಟ್ಟ ಭೂಮಿಗೆ ಬೆಂಕೊಕ್ ಎಂದು ಹೆಸರು. ಅದು ನಮ್ಮ ಉಂಬಳಿಗೆ ಸಮಾನ. ನೀರನ್ನು ಹಂಚುವ ಉಲು-ಉಲು ನಮ್ಮ ನೀರಗಂಟಿಯೇ ಸರಿ. ಭತ್ತದ ಕೊಯ್ಲಿಗೆ ಬಂದ ಹೆಂಗಸರಿಗೆ ಬೆಳೆಯಲ್ಲಿಯೇ ಕೊಡುವ ಪಾಲು ಬಾವೋನ್. ಅಲ್ಲಿಯೂ ವಸಾಹತು ಸರ್ಕಾರಕ್ಕೆ ಬೇಕಾದುದು ಕಂದಾಯ ಕೊಡುವ ಒಂದು ಹೆಸರು. ಒಂದು ನೆಲದ ಮೇಲೆ ಹತ್ತು ಜನರ ಪಾಲಿರುವ ಪದ್ಧತಿಯನ್ನು ಕಂದಾಯದ ಕಡತಕ್ಕೆ ಹೊಂದಿಸುವುದು ಅಲ್ಲಿಯೂ ಕಷ್ಟವಾಗಿತ್ತು. ಸ್ವಾತಂತ್ರ್ಯಾನಂತರ ಇಂಡೋನೇಷ್ಯವು 1960ರಲ್ಲಿ ಮೂಲ ಭೂಕಾಯಿದೆಯನ್ನು ತಂದು ರೂಢಿಯ ಹಕ್ಕುಗಳನ್ನು ರಾಷ್ಟ್ರೀಯ ಕಾನೂನಿನ ಚೌಕಟ್ಟಿಗೆ ಸೇರಿಸಲು ಯತ್ನಿಸಿತು. ಮೈಸೂರು ರಾಜ್ಯದ ಭೂಸುಧಾರಣಾ ಕಾಯಿದೆ 1961ರದು. ಎರಡು ದೂರದ ದೇಶಗಳು ಒಂದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎದುರಿಸಿದವು.

ಮೈಸೂರಿನಲ್ಲಿ ಕ್ರಮಬದ್ಧವಾದ ಕಂದಾಯ ಮೋಜಣಿ ಆರಂಭವಾದುದು ಕಮಿಷನರುಗಳ ಆಡಳಿತದಲ್ಲಿ, 1863ರಲ್ಲಿ. ಮುಂಬಯಿ ಪ್ರಾಂತದ ಮಾದರಿಯನ್ನು ಅನುಸರಿಸಿದ ಈ ಮೋಜಣಿಯು ಪ್ರತಿಯೊಂದು ಹೊಲಕ್ಕೂ ಸಂಖ್ಯೆ ಕೊಟ್ಟಿತು, ಮಣ್ಣನ್ನು ಆಣೆಗಳಲ್ಲಿ ವರ್ಗೀಕರಿಸಿತು, ಕಂದಾಯವನ್ನು 30 ವರ್ಷಗಳ ಅವಧಿಗೆ ಹಣದ ರೂಪದಲ್ಲಿ ನಿಗದಿಪಡಿಸಿತು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆಯಾಯಿತು. 40 ಗುಂಟೆ ಒಂದು ಎಕರೆಯಾಯಿತು. 1888ರ ಮೈಸೂರು ಭೂಕಂದಾಯ ಸಂಹಿತೆ ಈ ವ್ಯವಸ್ಥೆಗೆ ಕಾನೂನಿನ ರೂಪ ನೀಡಿತು.

ಇದರಿಂದ ರೈತನಿಗೆ ಆದ ಅನುಕೂಲವನ್ನು ಅಲ್ಲಗಳೆಯಲಾಗದು. ಬೆಳೆಯ ಅಂದಾಜು ಮಾಡಲು ಬರುವ ಅಧಿಕಾರಿಯ ದಯೆಯಿಂದ ಆತ ಪಾರಾದ. ಕಂದಾಯ ಸಲ್ಲಿಸುವವರೆಗೆ ನೆಲ ತನ್ನದು ಎಂಬ ಭರವಸೆ ದೊರೆಯಿತು. ಆದರೆ ಅದೇ ಹೊತ್ತಿನಲ್ಲಿ ನೆಲವು ಅಡವಿಡಬಹುದಾದ, ಹರಾಜಾಗಬಹುದಾದ, ಮಾರಬಹುದಾದ ವಸ್ತುವಾಯಿತು. ಸರ್ವೆ ನಂಬರಿನ ಎದುರು ಒಂದು ಹೆಸರು ಬಂದಾಗ ಉಳಿದ ಪಾಲುದಾರರ ಹಕ್ಕುಗಳು ಇಲ್ಲವಾಗಲಿಲ್ಲ. ಅವು ಕಡತದ ಹೊರಗೆ ಉಳಿದವು. ಅವುಗಳ ಪಾಲನೆ ಇನ್ನು ಮುಂದೆ ಖಾತೆದಾರನ ಒಪ್ಪಿಗೆಯ ಮೇಲೆ, ಊರಿನ ಮರ್ಯಾದೆಯ ಮೇಲೆ ನಿಂತಿತು.

5. ರಾಮಪುರ ಮತ್ತು ಮಂಡ್ಯದ ಎರಡು ಹಳ್ಳಿಗಳು

ಸ್ವಾತಂತ್ರ್ಯದ ಸಂಧಿಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಈ ಎರಡು ಬಗೆಯ ಹಕ್ಕುಗಳು ಹೇಗೆ ಒಟ್ಟಿಗೆ ಬಾಳುತ್ತಿದ್ದವು ಎಂಬುದಕ್ಕೆ ಎಂ. ಎನ್. ಶ್ರೀನಿವಾಸ್ ಅವರ ಅಧ್ಯಯನ ಉತ್ತಮ ಆಧಾರ. ಮೈಸೂರಿನಲ್ಲಿಯೇ 1916ರಲ್ಲಿ ಹುಟ್ಟಿದ ಶ್ರೀನಿವಾಸ್ 1948ರಲ್ಲಿ ಬನ್ನೂರು ಸಮೀಪದ ಕೊಡಗಹಳ್ಳಿಯಲ್ಲಿ ನೆಲಸಿ ಕ್ಷೇತ್ರಕಾರ್ಯ ಮಾಡಿದರು. ತಮ್ಮ ಬರವಣಿಗೆಯಲ್ಲಿ ಅದನ್ನು ರಾಮಪುರ ಎಂದು ಕರೆದರು. 1952ರಲ್ಲಿ ಮತ್ತೆ ಅಲ್ಲಿಗೆ ಹೋದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದು, ಅವರು ಸಂಸ್ಕರಿಸಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು.

ಶ್ರೀನಿವಾಸ್ ಅವರ ಎಣಿಕೆಯಂತೆ ಆಗ ರಾಮಪುರದ ಜನಸಂಖ್ಯೆ 1,523. ಇವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಒಕ್ಕಲಿಗರು. ಸಂಖ್ಯೆ, ಭೂಮಿ ಮತ್ತು ಅಧಿಕಾರ ಮೂರೂ ಒಂದೇ ಸಮುದಾಯದಲ್ಲಿ ಸೇರಿದ್ದನ್ನು ಕಂಡ ಅವರು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಬೆಳೆಸಿ, 1959ರಲ್ಲಿ ರಾಮಪುರವನ್ನೇ ಆಧರಿಸಿ ಅದನ್ನು ವಿವರಿಸಿದರು. ಭೂಮಿಯೊಡೆತನವೆಂದರೆ ಅಲ್ಲಿ ಬರಿಯ ಆದಾಯವಲ್ಲ. ವಾರಕ್ಕೆ ನೆಲ ಕೊಡುವವನ, ಸಾಲ ಕೊಡುವವನ, ವ್ಯಾಜ್ಯ ತೀರಿಸುವವನ ಸ್ಥಾನ ಅದರಿಂದ ಬರುತ್ತಿತ್ತು. ಭೂಮಾಲೀಕ ಮನೆತನಕ್ಕೂ ಅಸ್ಪೃಶ್ಯ ಕುಟುಂಬಕ್ಕೂ ಇದ್ದ ‘ಹಳೇ ಮಗ’ ಎಂಬ ವಂಶಪಾರಂಪರ್ಯದ ಸಂಬಂಧವನ್ನು ಅವರು ದಾಖಲಿಸಿದ್ದಾರೆ. ಮದುವೆ, ಸಾವು, ಕೊಯ್ಲುಗಳಲ್ಲಿ ಹಳೇ ಮಗನಿಗೆ ಕೆಲಸವೂ ಇತ್ತು, ಪಾಲೂ ಇತ್ತು. ಯಾವ ಪಹಣಿಯಲ್ಲಿಯೂ ಇಲ್ಲದ ಈ ಪಾಲು ಆತನ ಪಾಲಿಗೆ ಆಸ್ತಿ. ಯಾವ ಪತ್ರದಲ್ಲಿಯೂ ಇಲ್ಲದ ಈ ಕೆಲಸ ಆತನ ಪಾಲಿಗೆ ಬಂಧನ.

ಒಡೆತನವಿದ್ದ ಮನೆಗಳ ಒಳಗಿನ ಬದುಕೂ ಸರಳವಾಗಿರಲಿಲ್ಲ. ಅವಿಭಕ್ತ ಕುಟುಂಬವೊಂದರ ವ್ಯಾಜ್ಯವನ್ನು ಕುರಿತು ಶ್ರೀನಿವಾಸ್ 1952ರಲ್ಲಿ ಬರೆದ ಲೇಖನವು ಪಾಲುಪಾರಿಕತ್ತಿನ ಸ್ವರೂಪವನ್ನು ತಿಳಿಸುತ್ತದೆ. ಹಳ್ಳಿಯ ಪಾಲಿನಲ್ಲಿ ಹೊಲ ಗದ್ದೆಗಳಂತೆಯೇ ಎತ್ತು, ಗಾಡಿ, ಕೊಟ್ಟಿಗೆ, ಹಗೇವು, ತಿಪ್ಪೆ, ಬಣವೆಯ ಜಾಗ, ಬಾವಿಯ ಸರದಿ ಎಲ್ಲವೂ ಬರುತ್ತವೆ. ತೊಟ್ಟಿಮನೆಯ ನಡುವೆ ಗೋಡೆ ಏಳುತ್ತದೆ. ಇಂತಹ ಪಾಲುಗಳನ್ನು ಊರಿನ ಹಿರಿಯರು ಚಾವಡಿಯಲ್ಲಿ ಕೂತು ಮಾಡಿಸುತ್ತಿದ್ದರು. ಕಾಗದವಾಗುವುದು ಆಮೇಲೆ, ಅನೇಕ ವೇಳೆ ಆಗುತ್ತಲೇ ಇರಲಿಲ್ಲ. ತಾತನ ಹೆಸರಿನಲ್ಲಿಯೇ ಖಾತೆ ಉಳಿದು, ಮೊಮ್ಮಕ್ಕಳು ಬೇರೆಬೇರೆಯಾಗಿ ಉಳುತ್ತಿರುವುದು ಈ ಸೀಮೆಯಲ್ಲಿ ಸಾಮಾನ್ಯ ಸಂಗತಿ.

ಶ್ರೀನಿವಾಸ್ ಅವರ ನಂತರ 1954–56ರಲ್ಲಿ ಸ್ಕಾರ್ಲೆಟ್ ಎಪ್ಸ್ಟೈನ್ ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ವಂಗಲ ಮತ್ತು ದಲೇನ ಎಂಬ ಕಲ್ಪಿತ ಹೆಸರುಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಕೃಷ್ಣರಾಜಸಾಗರದ ನಾಲೆಯ ನೀರು ವಂಗಲಕ್ಕೆ ಬಂತು. ಎತ್ತರದಲ್ಲಿದ್ದ ದಲೇನಕ್ಕೆ ಬರಲಿಲ್ಲ. ನೀರಾವರಿ ಬಂದ ವಂಗಲದಲ್ಲಿ ರೈತರು ಕಬ್ಬು ಬೆಳೆದು ಅನುಕೂಲಸ್ಥರಾದರು, ಆದರೆ ಹಳೆಯ ದುಡಿಮೆಯ ಸಂಬಂಧಗಳು ಬಹುಮಟ್ಟಿಗೆ ಉಳಿದವು. ನೀರಿಲ್ಲದ ದಲೇನದವರು ಮಂಡ್ಯ ಪಟ್ಟಣದ ವ್ಯಾಪಾರ, ನೌಕರಿಗಳತ್ತ ತಿರುಗಿದರು. ಹಳೆಯ ಸಂಬಂಧಗಳು ಸಡಿಲಗೊಂಡದ್ದು ಅಲ್ಲಿ. ಈ ತೀರ್ಮಾನ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಭೂಮಿಯು ಬದುಕಿನ ಕೇಂದ್ರವಾಗಿರುವವರೆಗೆ ಬರೆಯದ ಹಕ್ಕುಗಳಿಗೆ ಆಧಾರವಿರುತ್ತದೆ. ಊರಿನವರ ದೃಷ್ಟಿ ಪಟ್ಟಣದ ಕಡೆಗೆ ತಿರುಗಿದಾಗ ಅವು ಮೊದಲು ಸವೆಯುತ್ತವೆ. ದಟ್ಟಗಳ್ಳಿಯಂತಹ ಹಳ್ಳಿಗಳಲ್ಲಿ ಪಟ್ಟಣ ತಾನಾಗಿಯೇ ಹೊಲದ ಅಂಚಿಗೆ ಬಂದಿತು.

6. ಹೆಣ್ಣಿನ ಪಾಲು

ಬರೆಯದ ಹಕ್ಕುಗಳನ್ನು ಕುರಿತು ಚರ್ಚಿಸುವಾಗ ಹೆಣ್ಣುಮಕ್ಕಳ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಬಿತ್ತನೆ, ಕಳೆ, ನಾಟಿ, ಕೊಯ್ಲು, ಹಸನು ಮಾಡುವುದು, ಬೀಜವನ್ನು ಕಾಪಾಡುವುದು ಇವೆಲ್ಲ ಬಹುಪಾಲು ಹೆಂಗಸರ ಕೆಲಸ. ರಾಗಿಯ ಹೊಲದ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು, ಹಿತ್ತಿಲ ಸೊಪ್ಪು, ಕರೆಯುವ ಹಸುವಿನ ಹಾಲು ಇವುಗಳಿಂದ ಬಂದ ಚಿಲ್ಲರೆ ಹಣ ಅವರ ಕೈಯಲ್ಲಿ ಉಳಿಯುತ್ತಿತ್ತು. ತವರಿನ ಬಳುವಳಿ, ಮಡಿಲು ತುಂಬುವ ಅಕ್ಕಿ, ಹಬ್ಬದ ಸೀರೆ ಇವು ಹೆಣ್ಣಿಗೆ ತವರಿನ ಆಸ್ತಿಯಲ್ಲಿದ್ದ ಹಕ್ಕಿನ ಕುರುಹುಗಳು. ಭೂಮಿಯ ಖಾತೆ ಮಾತ್ರ ಅಪರೂಪವಾಗಿ ಅವರ ಹೆಸರಿಗೆ ಬರುತ್ತಿತ್ತು.

ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಒಂದು ಹೆಜ್ಜೆ ಮುಂದಿತ್ತು. 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯು ಪಾಲಿನ ಸಂದರ್ಭದಲ್ಲಿ ವಿಧವೆಯರೂ ಸೇರಿದಂತೆ ಕುಟುಂಬದ ಕೆಲವು ಸ್ತ್ರೀಯರಿಗೆ ಅಂಶವನ್ನು ಒದಗಿಸಿತು. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಹಭಾಗಿಗಳನ್ನಾಗಿ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರು ಮಾತ್ರ ಅದರಿಂದ ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹುಟ್ಟಿನಿಂದಲೇ ಮಗಳಿಗೆ ಹಕ್ಕಿದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಕಾನೂನು ಬಂದ ಕಾಲವನ್ನು ಗಮನಿಸಬೇಕು. ನಗರದಂಚಿನ ಹಳ್ಳಿಗಳ ಹೊಲಗಳಿಗೆ ಹಿಂದೆಂದೂ ಇಲ್ಲದ ಬೆಲೆ ಬಂದುದೂ ಇದೇ ದಶಕಗಳಲ್ಲಿ. ರಾಗಿ ಬೆಳೆಯುವ ಹೊಲದಲ್ಲಿ ಪಾಲು ಕೇಳದೆ ತವರಿನ ಬಾಂಧವ್ಯವನ್ನು ಉಳಿಸಿಕೊಂಡಿದ್ದ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ಅಗತ್ಯ ಬಿದ್ದುದು ನೆಲ ನಿವೇಶನವಾಗುವ ಹೊತ್ತಿನಲ್ಲಿ. ತವರಿನ ಮಡಿಲು ಮತ್ತು ಕಾನೂನಿನ ಅಂಶ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಅನೇಕ ಮನೆಗಳ ಹೆಣ್ಣುಮಕ್ಕಳಿಗೆ ಎದುರಾಯಿತು.

7. ಸುಧಾರಣೆಯ ಕಾನೂನುಗಳು

ಸ್ವಾತಂತ್ರ್ಯಾನಂತರದ ಶಾಸನಗಳು ಹಳ್ಳಿಯ ಆಸ್ತಿಯ ಸ್ವರೂಪವನ್ನು ಮೂಲದಿಂದ ಬದಲಿಸಿದವು. 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯಿದೆಗಳು ಮಧ್ಯವರ್ತಿಗಳನ್ನು ತೆಗೆದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಅವರ ಸೇವಾ ಇನಾಮು ಭೂಮಿಯನ್ನು ಅವರಿಗೇ ಮರುಮಂಜೂರು ಮಾಡುವ ಅವಕಾಶವನ್ನೂ ಕಾಯಿದೆ ಕಲ್ಪಿಸಿತು. ಊರಿನ ಗಡಿ ಕಾಯುತ್ತಿದ್ದ ತೋಟಿಯ ಕುಟುಂಬಕ್ಕೆ ಸ್ವಂತ ಹೆಸರಿನ ಖಾತೆ ಬಂದುದು ಬಹಳ ದೊಡ್ಡ ಬದಲಾವಣೆ.

ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು. ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯಬಹುದಾಗಿತ್ತು. 1976ರ ಕಾನೂನು ಜೀತಪದ್ಧತಿಯನ್ನು ನಿಷೇಧಿಸಿತು. 1978ರ ಕಾಯಿದೆಯು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿರ್ಬಂಧಿಸಿತು. ಇವೆಲ್ಲವೂ ಬರೆಯದ ಹಕ್ಕನ್ನು ಬರೆದ ಹಕ್ಕಾಗಿ ಮಾರ್ಪಡಿಸುವ ಪ್ರಯತ್ನಗಳು. ಈ ದೃಷ್ಟಿಯಿಂದ ಅವುಗಳ ಐತಿಹಾಸಿಕ ಮಹತ್ವ ದೊಡ್ಡದು.

ಆದರೆ ಬರೆಯಿಸಿಕೊಳ್ಳಲು ಸಾಕ್ಷ್ಯ ಬೇಕಾಗಿತ್ತು. ಪಹಣಿಯ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರಿರುತ್ತದೆ, 12ನೆಯ ಅಂಕಣದಲ್ಲಿ ಸಾಗುವಳಿಯ ವಿವರವಿರುತ್ತದೆ. ಆ 12ನೆಯ ಅಂಕಣದಲ್ಲಿ ತನ್ನ ಹೆಸರನ್ನು ನಮೂದಿಸಿಕೊಳ್ಳಬಲ್ಲವನಿಗೆ ಕಾನೂನಿನ ಬಾಗಿಲು ಸುಲಭವಾಗಿ ತೆರೆಯಿತು. ಬಾಯಿಮಾತಿನ ವಾರಕ್ಕೆ ಮಾಡುತ್ತಿದ್ದವನು ನೆರೆಹೊರೆಯವರ ಹೇಳಿಕೆಯನ್ನು ನಂಬಬೇಕಾಯಿತು. ಆ ನೆರೆಹೊರೆಯವರು ಪ್ರಾಯಶಃ ಭೂಮಾಲೀಕನ ಋಣದಲ್ಲಿದ್ದರು. ಇನ್ನು ಕೂಲಿಗೆ ದುಡಿಯುವವನಿಗೆ ಯಾವ ಅಂಕಣವೂ ಇರಲಿಲ್ಲ.

ಸಮುದಾಯದ ಆಸ್ತಿಯ ಕಥೆಯೂ ಇಂತಹುದೇ. ಗೋಮಾಳ, ಗುಂಡುತೋಪು, ಕೆರೆ, ಖರಾಬು ಇವು ಊರಿನವರೆಲ್ಲರ ಬಳಕೆಯಲ್ಲಿದ್ದರೂ ಕಡತದಲ್ಲಿ ಸರ್ಕಾರದವು. 100 ರಾಸುಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಮೀಸಲಿಡಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ರಾಸುಗಳೇ ಇಲ್ಲವಾದಾಗ ಹೆಚ್ಚುವರಿ ಎಂದು ತೋರಿಸುವುದಕ್ಕೂ ಅದೇ ನಿಯಮ ದಾರಿಯಾಗುತ್ತದೆ. ದಟ್ಟಗಳ್ಳಿಯ ನೆರೆಯಲ್ಲಿರುವ ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ಕೆರೆ ಇಂದಿಗೂ ಇದೆ. ಪಕ್ಷಿಗಳ ನೆಲೆಯಾಗಿ, ನಡಿಗೆಯ ತಾಣವಾಗಿ ನಗರವಾಸಿಗಳಿಗೆ ಪ್ರಿಯವಾಗಿದೆ. ಕೆರೆ ಉಳಿದಿದೆ ಎಂಬುದು ಸಂತೋಷದ ಸಂಗತಿ. ಆದರೆ ಬೇಸಿಗೆಯಲ್ಲಿ ಗೋಡು ಹೊಡೆಯುವ ಗಾಡಿ, ನೀರು ಕುಡಿಯಲಿಳಿಯುವ ದನ, ತೂಬಿನ ಸರದಿ ಎಂಬ ಹಳೆಯ ಬಳಕೆಯ ಹಕ್ಕುಗಳು ನಗರದೊಳಗಿನ ಕೆರೆಯ ಬದುಕಿಗೆ ಸೇರಿದವಲ್ಲ.

8. ಗುಂಟೆಯಿಂದ ನಿವೇಶನಕ್ಕೆ

ಮೈಸೂರು ನಗರದ ಯೋಜಿತ ವಿಸ್ತರಣೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಪ್ಲೇಗಿನ ಹಾವಳಿಯ ಹಿನ್ನೆಲೆಯಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯಂತೆ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಅದರ ಸ್ಥಾನಕ್ಕೆ ಬಂತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕುವೆಂಪುನಗರ, ರಾಮಕೃಷ್ಣನಗರಗಳನ್ನು ದಾಟಿ ನಗರವು ಪಶ್ಚಿಮ ಮತ್ತು ನೈಋತ್ಯದ ಕಡೆಗೆ ಬೆಳೆದಂತೆ ದಟ್ಟಗಳ್ಳಿಯ ಹೊಲಗಳು ಬಡಾವಣೆಗಳಾದವು.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಒಂದು ಗುಂಟೆ ಎಂದರೆ 1,089 ಚದರ ಅಡಿ. 30 ಅಡಿಗೆ 40 ಅಡಿಯ ನಿವೇಶನ ಎಂದರೆ 1,200 ಚದರ ಅಡಿ. ರೈತನ ಲೆಕ್ಕದಲ್ಲಿ ಗುಂಟೆ ಎಂಬುದು ಎಕರೆಯ ನಲವತ್ತನೆಯ ಒಂದು ಪಾಲು, ಬದುವಿನ ಒತ್ತುವರಿಯಲ್ಲಿ ಹೆಚ್ಚುಕಡಿಮೆಯಾಗಬಹುದಾದಷ್ಟು ಅಲ್ಪ. ನಗರದ ಲೆಕ್ಕದಲ್ಲಿ ಒಂದು ಗುಂಟೆಗಿಂತ ತುಸು ದೊಡ್ಡದಾದ ಅದೇ ನೆಲ ಒಂದು ಕುಟುಂಬದ ಜೀವಮಾನದ ಗಳಿಕೆ. ಒಂದು ಎಕರೆಯ 43,560 ಚದರ ಅಡಿಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಗಣನೀಯ ಭಾಗವನ್ನು ಬಿಟ್ಟರೂ ಅನೇಕ ನಿವೇಶನಗಳು ದೊರೆಯುತ್ತವೆ. ಬೀಜದಿಂದ ಅಳೆದ ನೆಲ ಸರಪಳಿಯ ಅಳತೆಗೆ ಬಂದು, ಅಲ್ಲಿಂದ ಅಡಿಗಳ ಅಳತೆಗೆ ಬಂದುದರ ಹಿಂದೆ ನೆಲದ ಅರ್ಥವೇ ಬದಲಾದ ಚರಿತ್ರೆ ಇದೆ.

1894ರ ಭೂಸ್ವಾಧೀನ ಕಾಯಿದೆಯು ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯನ್ನು ಪರಿಹಾರದ ಆಧಾರವಾಗಿ ಇರಿಸಿಕೊಂಡಿತ್ತು. ಇಚ್ಛೆಗೆ ವಿರುದ್ಧವಾಗಿ ನೆಲ ಬಿಟ್ಟುಕೊಡುವುದಕ್ಕಾಗಿ ಕೊಡುತ್ತಿದ್ದ ಹೆಚ್ಚುವರಿ ಮೊತ್ತವನ್ನು 1984ರಲ್ಲಿ ಶೇಕಡ 15ರಿಂದ 30ಕ್ಕೆ ಏರಿಸಲಾಯಿತು. ರಾಗಿ ಹೊಲದ ಬೆಲೆಗೆ ಹೋದ ನೆಲ ಕೆಲವೇ ವರ್ಷಗಳಲ್ಲಿ ನಿವೇಶನದ ಬೆಲೆಗೆ ಏರಿದುದನ್ನು ಅದೇ ಊರಿನವರು ಕಂಡರು. ಖಾತೆದಾರರ ಅಸಮಾಧಾನ ನ್ಯಾಯಾಲಯಗಳವರೆಗೆ ಹೋಗಿ ದಾಖಲಾಯಿತು. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಅದರ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವರು, ಕೊಯ್ಲಾದ ಮೇಲೆ ಕುರಿ ಮಂದೆ ನಿಲ್ಲಿಸುತ್ತಿದ್ದವರು, ನೇಗಿಲ ಕುಳ ತಟ್ಟುತ್ತಿದ್ದ ಕಮ್ಮಾರ ಇವರ ನಷ್ಟ ಯಾವ ಐತೀರ್ಪಿನಲ್ಲಿಯೂ ಇಲ್ಲ. ಅವರಿಗೆ ಅಸಮಾಧಾನ ಹೇಳಿಕೊಳ್ಳುವುದಕ್ಕೆ ಸರ್ವೆ ನಂಬರು ಇರಲಿಲ್ಲ.

2013ರಲ್ಲಿ ಸಂಸತ್ತು ಅಂಗೀಕರಿಸಿ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾನೂನು ‘ಬಾಧಿತ ಕುಟುಂಬ’ ಎಂಬ ವ್ಯಾಖ್ಯೆಯಲ್ಲಿ ಭೂಮಾಲೀಕರನ್ನಲ್ಲದೆ, ಸ್ವಾಧೀನಕ್ಕೆ ಮುನ್ನ ಮೂರು ವರ್ಷಗಳ ಕಾಲ ಆ ಪ್ರದೇಶದ ದುಡಿಮೆಯನ್ನೇ ಮುಖ್ಯ ಜೀವನಾಧಾರವಾಗಿ ನಂಬಿದ ಕೃಷಿಕಾರ್ಮಿಕರು, ಗೇಣಿದಾರರು, ಕುಶಲಕರ್ಮಿಗಳನ್ನೂ ಸೇರಿಸಿತು. 1863ರ ಮೋಜಣಿಯು ಕಡತದ ಹೊರಗೆ ಬಿಟ್ಟವರನ್ನು ಸರಿಯಾಗಿ 150 ವರ್ಷಗಳ ನಂತರ ಕಾನೂನು ಹೆಸರಿಸಿತು. ದಟ್ಟಗಳ್ಳಿಯ ಹೊಲಗಳು ಬಡಾವಣೆಗಳಾಗತೊಡಗಿದುದು ಇದಕ್ಕೆ ಬಹಳ ಮುನ್ನ. ಅಲ್ಲಿನ ದುಡಿಯುವ ಕುಟುಂಬಗಳಿಗೆ ಈ ಮನ್ನಣೆ ತಡವಾಗಿ ಬಂತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದು ಸಾಧ್ಯವಾಗಿದ್ದು, ಇದೇ ಪ್ರಕ್ರಿಯೆ ನಗರದಿಂದ ಇನ್ನೂ ದೂರದ ಹಳ್ಳಿಗಳಿಗೆ ವಿಸ್ತರಿಸುವ ಸಾಧ್ಯತೆಯಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಮೈಸೂರು ಸೀಮೆಯ ಹಳ್ಳಿಯಲ್ಲಿ ಆಸ್ತಿ ಎಂಬುದು ಒಬ್ಬನ ಒಡೆತನಕ್ಕಿಂತ ಹೆಚ್ಚಾಗಿ ಹಲವರ ಪಾಲುಗಳ ವ್ಯವಸ್ಥೆಯಾಗಿತ್ತು. ಎರಡನೆಯದಾಗಿ, ಆ ವ್ಯವಸ್ಥೆ ಅನ್ನವನ್ನು ಹಂಚಿತಾದರೂ ಮಾನವನ್ನು ಸಮನಾಗಿ ಹಂಚಲಿಲ್ಲ. ಆದುದರಿಂದ ಅದರ ಕಣ್ಮರೆಯನ್ನು ಕೇವಲ ವಿಷಾದದಿಂದ ನೋಡುವುದು ಚರಿತ್ರೆಗೆ ಅಪಚಾರವಾದೀತು. ತೋಟಿಯ ಮೊಮ್ಮಗ ತನ್ನ ಹೆಸರಿನ ಖಾತೆಯನ್ನು ಪಡೆದುದು, ಹಳೇ ಮಗನೆಂಬ ಹೆಸರು ಅಳಿದುದು, ಮಗಳಿಗೆ ಅಂಶ ದೊರೆತುದು ಸಣ್ಣ ಗಳಿಕೆಗಳಲ್ಲ. ಮೂರನೆಯದಾಗಿ, ಬರೆಯದ ಹಕ್ಕುಗಳನ್ನು ಬರೆದ ಹಕ್ಕುಗಳಾಗಿ ಮಾರ್ಪಡಿಸುವ ಕೆಲಸ ಅರ್ಧದಲ್ಲಿರುವಾಗಲೇ ನೆಲ ಕೈಬಿಟ್ಟುಹೋದುದರಿಂದ, ಹಳೆಯ ವ್ಯವಸ್ಥೆಯ ಅನ್ನವೂ ಹೊಸ ವ್ಯವಸ್ಥೆಯ ಪರಿಹಾರವೂ ದೊರೆಯದ ಒಂದು ವರ್ಗ ಉಳಿಯಿತು. ನಗರದಂಚಿನ ಹಳ್ಳಿಗಳ ಚರಿತ್ರೆಯಲ್ಲಿ ಈ ವರ್ಗಕ್ಕೆ ಸ್ಥಾನ ದೊರೆಯಬೇಕಾಗಿದೆ.

ಇದಕ್ಕೆ ಬೇಕಾದ ಆಕರಗಳು ಎರಡು ಕಡೆ ಇವೆ. ಮೋಜಣಿಯ ಟಿಪ್ಪಣಿ ಪುಸ್ತಕಗಳು, ಆಕಾರಬಂದ್, ಗ್ರಾಮನಕ್ಷೆ, ಭೂನ್ಯಾಯಮಂಡಳಿಯ ಕಡತ, ಭೂಸ್ವಾಧೀನದ ಐತೀರ್ಪುಗಳು ಕಚೇರಿಗಳಲ್ಲಿ ದೊರೆಯುತ್ತವೆ. ಪಹಣಿಗಳು 2000ದ ನಂತರ ‘ಭೂಮಿ’ ಯೋಜನೆಯಡಿ ಗಣಕಕ್ಕೆ ಏರಿದ್ದರಿಂದ ಹೊಸ ದಾಖಲೆಗಳ ಶೋಧ ಸುಲಭವಾಗಿದೆ. ಹಳೆಯ ಕೈಬರಹದ ಕಡತಗಳ ರಕ್ಷಣೆಗೂ ಅಷ್ಟೇ ಗಮನ ಸಲ್ಲಬೇಕು. ಇನ್ನೊಂದು ಆಕರ ಜನರ ನೆನಪು. ಯಾವ ಹೊಲಕ್ಕೆ ಯಾವ ಹೆಸರಿತ್ತು, ಯಾರ ಕಣದಲ್ಲಿ ಯಾರಿಗೆ ಎಷ್ಟು ಹೊರೆ ಸಲ್ಲುತ್ತಿತ್ತು, ಮುಯ್ಯಾಳಿಗೆ ಯಾರು ಬರುತ್ತಿದ್ದರು, ಯಾವ ದಾರಿಯಲ್ಲಿ ದನಗಳು ಕೆರೆಗಿಳಿಯುತ್ತಿದ್ದವು ಎಂಬುದನ್ನು ಹೇಳಬಲ್ಲವರು ಈಗ ವಯೋವೃದ್ಧರು. ಶ್ರೀನಿವಾಸ್ ಅವರು ಟಿಪ್ಪಣಿಗಳನ್ನು ಕಳೆದುಕೊಂಡ ಮೇಲೂ ನೆನಪಿನಿಂದ ಒಂದು ಹಳ್ಳಿಯನ್ನು ಪುನಾರಚಿಸಿದರು. ನಮ್ಮ ನಗರದೊಳಗಿನ ಹಳ್ಳಿಗಳ ವಿಷಯದಲ್ಲಿ ಟಿಪ್ಪಣಿಗಳನ್ನೇ ಇನ್ನೂ ಮಾಡಿಕೊಂಡಿಲ್ಲ. ಮೈಸೂರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದೊಂದು ಹಳ್ಳಿಯನ್ನು ಆಯ್ದುಕೊಂಡು, ಗ್ರಾಮನಕ್ಷೆಯನ್ನು ಮುಂದಿಟ್ಟುಕೊಂಡು ಹಿರಿಯರ ಹೇಳಿಕೆಗಳನ್ನು ಸಂಗ್ರಹಿಸಿದರೆ, ದಟ್ಟಗಳ್ಳಿಯಂತಹ ಊರುಗಳಿಗೆ ಪಹಣಿಯಲ್ಲಿ ಇಲ್ಲದ ಚರಿತ್ರೆಯೊಂದು ದೊರೆತೀತು. ಆ ಕಾರ್ಯ ಈ ತಲೆಮಾರಿನಲ್ಲಿಯೇ ಆಗಬೇಕಾದುದು.